ಐರ್ಲೆಂಡಿನ ಕಥೆಯ ಬೆಟ್ಟಗಳು: ಅಜ್ಜಿ, ಮಕ್ಕಳು ಜೊತೆಗಿದ್ದರೆ ನನ್ನ ಓಟು ಬೆನ್‌ಬಲ್ಬೆನ್‌ಗೆ

ಊರಿಂದ ಅಪ್ಪ ಅಮ್ಮ ಬಂದರೆ ಎಲ್ಲಿಗೆ ಕರ್ಕೊಂಡು ಹೋಗೋದು? ಐರ್ಲೆಂಡಿನಲ್ಲಿರುವ ಕನ್ನಡದವರು ಇಬ್ಬರು ಸೇರಿದರೆ ಬೇಸಿಗೆಯಲ್ಲಿ ಇದೇ ಮಾತು. ಕ್ಲಿಫ್ಸ್ ಆಫ್ ಮೋಹರ್, ಅಂದರೆ ಕಡಲಂಚಿನ ಕಡಿದಾದ ಬಂಡೆಗಳನ್ನು, ಎಲ್ಲರೂ ತೋರಿಸುತ್ತಾರೆ. ಅದಾದ ಮೇಲೆ ಏನು ಅಂತ ಕೇಳಿದವರಿಗೆ ನಾನು ಹೇಳುವುದು ಒಂದೇ: ವಾಯವ್ಯ ಕರಾವಳಿಯ ಸ್ಲೈಗೋಗೆ ಹೋಗಿ, ಬೆನ್‌ಬಲ್ಬೆನ್ ಬೆಟ್ಟದ ಬುಡದಲ್ಲಿ ಗೊರ್ಟರೋವಿ ಅಂತ ಕಾಡಿನ ದಾರಿ ಇದೆ, ಅಲ್ಲಿ ನಡೆಯಿರಿ.

ಸುಮ್ನೆ ಹೇಳುತ್ತಿಲ್ಲ. ಅಮ್ಮ ಬಂದಿದ್ದಾಗ ಕಥೆ ಇರುವ ಬೆಟ್ಟಗಳನ್ನೇ ಹುಡುಕಿಕೊಂಡು ಹೋದೆವು. ಅಮ್ಮ ಆಗುಂಬೆ ಕಡೆಯವರು. ಬೆಟ್ಟ ಅಂದರೆ ಪ್ರಾಣ, ಆದರೆ ಈಗ ಮಂಡಿ ನೋವು. ಮಗಳಿಗೆ ಏಳು ವರ್ಷ, ಕಥೆ ಇಲ್ಲದಿದ್ದರೆ ಒಂದು ಹೆಜ್ಜೆ ಮುಂದಿಡುವುದಿಲ್ಲ. ಮಗ ಇನ್ನೂ ಬಗ್ಗಿಯಲ್ಲಿ (ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿ) ಕೂರುವವನು. ಈ ಮೂವರೂ ಖುಷಿಯಾಗಿ ವಾಪಸ್ ಕಾರು ಹತ್ತಬೇಕು, ನನ್ನ ಲೆಕ್ಕ ಇಷ್ಟೇ. ನೀವು ಇಬ್ಬರೇ ಹೋಗುವವರಾದರೆ ನಿಮ್ಮ ಉತ್ತರ ಬೇರೆ ಇರಬಹುದು.

ಮೊದಲು ಹತ್ತಿರದ್ದು ನೋಡೋಣ. ಡಬ್ಲಿನ್ ದಕ್ಷಿಣಕ್ಕಿರುವ ಮಾಂಟ್‌ಪೆಲಿಯರ್ ಬೆಟ್ಟ. ಎಲ್ಲರ ಬಾಯಲ್ಲೂ ಅದು ಹೆಲ್‌ಫೈರ್ ಕ್ಲಬ್, ಹಿಂದೆ ಅಲ್ಲಿ ಸೇರುತ್ತಿದ್ದರು ಅನ್ನುವ ಪುಂಡ ಶ್ರೀಮಂತರ ಕೂಟದ ಹೆಸರು. ಎತ್ತರ 383 ಮೀಟರ್, ಅರ್ಧ ದಿನ ಸಾಕು, ಊಟಕ್ಕೆ ಮನೆಗೇ ಬರಬಹುದು. ತುದಿಯಲ್ಲಿ ಪಾಳುಬಿದ್ದ ಕಲ್ಲಿನ ಕಟ್ಟಡ. ಐರಿಷ್ ಸಂಸತ್ತಿನ ಸ್ಪೀಕರ್ ಆಗಿದ್ದ ವಿಲಿಯಂ ಕಾನಲಿ 1725ರ ಸುಮಾರಿಗೆ ಬೇಟೆಯ ಬಂಗಲೆ ಅಂತ ಕಟ್ಟಿಸಿದ್ದು. ಅದಕ್ಕೆ ಅಲ್ಲೇ ಇದ್ದ ಪ್ರಾಚೀನ ಸಮಾಧಿಯ ಕಲ್ಲುಗಳನ್ನು ಕಿತ್ತು ಬಳಸಿದರಂತೆ. ಸ್ವಲ್ಪ ದಿನಕ್ಕೇ ಬಿರುಗಾಳಿಗೆ ಚಾವಣಿ ಹಾರಿಹೋಯಿತು. ಸಮಾಧಿ ಮುಟ್ಟಿದ್ದಕ್ಕೆ ಸೈತಾನನೇ ಹಾರಿಸಿದ ಅಂತ ಜನ ಆಡಿಕೊಂಡರು. ಇಸ್ಪೀಟ್ ಆಡುವಾಗ ಎಲೆ ಕೆಳಗೆ ಬಿತ್ತು, ಎತ್ತಿಕೊಳ್ಳಲು ಬಗ್ಗಿದವನಿಗೆ ಎದುರು ಕೂತ ಅಪರಿಚಿತನ ಗೊರಸಿನ ಕಾಲು ಕಂಡಿತು ಅನ್ನುವ ಕಥೆಯೂ ಇಲ್ಲಿಯದೇ.

ದೊಡ್ಡವರಿಗೆ ಒಳ್ಳೇ ಕಥೆ. ಆದರೆ ಮಗಳು ಅದನ್ನು ಕೇಳಿದ ಮೇಲೆ ಆ ಕತ್ತಲೆ ಕೋಣೆಗಳ ಒಳಗೆ ಕಾಲಿಡಲಿಲ್ಲ. ಏರು ಚಿಕ್ಕದೇ, ಆದರೆ ಶುರುವಿನಿಂದಲೇ ಏರು. ಬಗ್ಗಿ ತಳ್ಳಿದವರ ಕೈ ಕೇಳಬೇಕು. ಮೇಲಿನಿಂದ ಡಬ್ಲಿನ್ ಕೊಲ್ಲಿ ಪೂರ್ತಿ ಕಾಣುತ್ತದೆ, ಅದು ನಿಜಕ್ಕೂ ಚೆನ್ನ. ಭಾನುವಾರ ಮಾತ್ರ ಬೇಡ. ಊರಿಗೆ ಊರೇ ಅಲ್ಲಿರುತ್ತದೆ.

ಎರಡನೆಯದು ಸ್ಲೀವ್ ಗಲಿಯನ್. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಕ್ಕಳ ದೃಷ್ಟಿಯಿಂದ ನೋಡಿದರೆ ಈ ಪಟ್ಟಿಯಲ್ಲಿ ಇದೇ ಮೊದಲು ಬರಬೇಕು. ಕಾಡಿನೊಳಗೆ ಮಲಗಿದ ದೈತ್ಯನ ಕಥೆ ಹೇಳುವ ದಾರಿ ಮಾಡಿದ್ದಾರೆ. ಮರದ ಬುಡದಲ್ಲಿ ಯಕ್ಷಿಣಿಯರ ಪುಟ್ಟ ಮನೆಗಳು, ಬಾಗಿಲುಗಳು, ದೈತ್ಯನ ದೊಡ್ಡ ಮೇಜು ಕುರ್ಚಿ. ಆಟದ ಜಾಗ ಇದೆ, ಕಾಫಿ ಸಿಗುತ್ತದೆ, ಶೌಚಾಲಯ ಇದೆ. ಡಬ್ಲಿನ್‌ನಿಂದ ಎಂ1 ಹೆದ್ದಾರಿಯಲ್ಲಿ ಹೊರಟರೆ ಒಂದು ಗಂಟೆಗೆ ಸ್ವಲ್ಪ ಜಾಸ್ತಿ ಅಷ್ಟೇ. ಬೆಟ್ಟದ ಹಳೇ ಕಥೆಯೂ ಸೊಗಸು. ತುದಿಯಲ್ಲಿ ಒಂದು ಸಣ್ಣ ಕೆರೆ. ಐರಿಷ್ ಪುರಾಣದ ಮಹಾವೀರ ಫಿನ್ ಮಕೂಲ್ ಮಾಟಗಾತಿಯ ಮಾತು ನಂಬಿ ಅದರಲ್ಲಿ ಮುಳುಗಿ ಎದ್ದನಂತೆ. ಎದ್ದು ಬಂದಾಗ ಹಣ್ಣು ಹಣ್ಣು ಮುದುಕ. ಆಮೇಲೆ ಪ್ರಾಯ ವಾಪಸ್ ಬಂದರೂ ಕೂದಲು ಮಾತ್ರ ಬೆಳ್ಳಗೇ ಉಳಿಯಿತು. ಇವತ್ತಿಗೂ ಆ ಕೆರೆಗೆ ಇಳಿಯಲು ಹಿಂದೆಮುಂದೆ ನೋಡುವವರಿದ್ದಾರೆ.

ತೊಡಕು ಬೇರೆ ಕಡೆ ಇದೆ. ಸ್ಲೀವ್ ಗಲಿಯನ್ ಇರುವುದು ಆರ್ಮಾ ಕೌಂಟಿಯಲ್ಲಿ, ಅಂದರೆ ಉತ್ತರ ಐರ್ಲೆಂಡ್‌ನಲ್ಲಿ, ಅಂದರೆ ಬ್ರಿಟನ್ ಆಡಳಿತದಲ್ಲಿ. ನಮ್ಮ ಕೈಲಿರುವುದು ಇಂಡಿಯಾ ಪಾಸ್‌ಪೋರ್ಟ್. ಐರ್ಲೆಂಡಿನಲ್ಲಿ ವಾಸಕ್ಕೆ ಕೊಟ್ಟ ಐಆರ್‌ಪಿ ಕಾರ್ಡ್ ಇಟ್ಟುಕೊಂಡು ಅಲ್ಲಿಗೆ ಹೋಗುವಂತಿಲ್ಲ. ಬ್ರಿಟನ್ ವೀಸಾ ಬೇಕೇ ಬೇಕು. ಗಡಿಯಲ್ಲಿ ಗೇಟಿಲ್ಲ, ಪೊಲೀಸರಿಲ್ಲ. ವೇಗದ ಬೋರ್ಡು ಕಿಲೋಮೀಟರ್‌ನಿಂದ ಮೈಲಿಗೆ ಬದಲಾದಾಗಲೇ ದೇಶ ದಾಟಿದ್ದು ಗೊತ್ತಾಗುವುದು. ಅದಕ್ಕೇ 'ಯಾರು ಕೇಳ್ತಾರೆ ಬಿಡ್ರಿ' ಅನ್ನುವವರು ಜಾಸ್ತಿ. ದಯವಿಟ್ಟು ಆ ಮಾತು ಕೇಳಬೇಡಿ. ಗಡಿ ದಾಟುವ ಬಸ್ಸುಗಳಲ್ಲಿ ತಪಾಸಣೆ ನಡೆಯುತ್ತದೆ. ಕಾರಿನಲ್ಲಿ ಹೋಗಿ ಅಪಘಾತವಾಯಿತು, ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು ಅಂದುಕೊಳ್ಳಿ. ವೀಸಾ ಇಲ್ಲದೆ ಅಲ್ಲಿದ್ದೀರಿ ಅನ್ನುವುದು ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವವರಿಗೆ ಸಣ್ಣ ವಿಷಯ ಅಲ್ಲ.

ಇನ್ನೂ ಒಂದಿದೆ. ಭಾರತ ಮತ್ತು ಚೀನಾದ ಪ್ರವಾಸಿಗರಿಗೆ ಐರ್ಲೆಂಡ್, ಬ್ರಿಟನ್ ಎರಡೂ ಸೇರಿ 2014ರಲ್ಲಿ ಒಂದು ವ್ಯವಸ್ಥೆ ಪ್ರಕಟಿಸಿದವು. ಐರ್ಲೆಂಡಿನ ಅಲ್ಪಾವಧಿ ವೀಸಾ ಮೇಲೆ 'ಬಿಐವಿಎಸ್' (ಬ್ರಿಟಿಷ್ ಐರಿಷ್ ವೀಸಾ ಸ್ಕೀಮ್) ಅಂತ ನಮೂದಾಗಿದ್ದರೆ, ಮೊದಲು ಐರ್ಲೆಂಡಿಗೆ ಬಂದಿಳಿದ ಮೇಲೆ ಬ್ರಿಟನ್‌ಗೂ ಹೋಗಬಹುದು. ಅಮ್ಮನ ವೀಸಾದಲ್ಲಿ ಅದು ಇತ್ತು. ಅಂದರೆ ಊರಿಂದ ಬಂದ ಅಮ್ಮ ಆರಾಮಾಗಿ ಹೋಗಬಹುದು, ಇಲ್ಲೇ ದುಡಿದು ತೆರಿಗೆ ಕಟ್ಟುವ ನಾವು ಹೋಗಬಾರದು! ವಾಸದ ಕಾರ್ಡ್ ಇರುವವರಿಗೆ ಈ ಸೌಲಭ್ಯ ಇಲ್ಲ. ಇದು ಬದಲಾಗಲೇಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಎಷ್ಟೋ ಮಕ್ಕಳು ಸ್ನೇಹಿತರು ಶನಿವಾರ ನೋಡಿಬಂದ ಜಾಗವನ್ನು ಸೋಮವಾರ ಬರೀ ಕೇಳಿಸಿಕೊಳ್ಳುತ್ತಾರೆ.

ನಾವು ಹೋಗಿದ್ದು ಹೇಗೆ ಅಂದರೆ, ಲಂಡನ್‌ನಲ್ಲಿ ನೆಂಟರ ಮದುವೆ ಇತ್ತು. ಅದಕ್ಕೆ ತೆಗೆದ ಆರು ತಿಂಗಳ ವೀಸಾ ಇನ್ನೂ ಉಳಿದಿತ್ತು. ಇಲ್ಲದಿದ್ದರೆ ತಲೆಗೆ ನೂರು ಪೌಂಡ್ ಮೇಲೆ ಶುಲ್ಕ, ಮಕ್ಕಳಿಗೂ ಅಷ್ಟೇ, ಬೆರಳಚ್ಚಿನ ಅಪಾಯಿಂಟ್‌ಮೆಂಟ್, ಕಾಯುವುದು. ಒಂದು ಕಾಡು ಸುತ್ತಲು ಇಷ್ಟು ಖರ್ಚು ಯಾರೂ ಮಾಡುವುದಿಲ್ಲ, ಮಾಡಲೂಬಾರದು. ನಿಮ್ಮ ಹತ್ತಿರ ಐರಿಷ್ ಪಾಸ್‌ಪೋರ್ಟ್ ಇದ್ದರೆ, ಅಥವಾ ನಮ್ಮ ಹಾಗೆ ಬೇರೆ ಕೆಲಸಕ್ಕೆ ತೆಗೆದ ವೀಸಾ ಇದ್ದರೆ, ಖಂಡಿತ ಹೋಗಿ. ಮಗಳು ಪ್ರತಿ ಬಾಗಿಲನ್ನೂ ತಟ್ಟಿ ನೋಡಿದಳು. ಬೆಟ್ಟದ ತುದಿ 570 ಮೀಟರ್ ದಾಟುತ್ತದೆ, ಅಲ್ಲಿಗೆ ಹೋಗುವ ದಾರಿ ಕಡಿದು. ಹಾಗಾಗಿ ಆ ಕೆರೆ ನಮಗೆ ಕಥೆಯಲ್ಲಷ್ಟೇ ಉಳಿಯಿತು.

ಮೂರನೆಯದು ನಾಕ್‌ನರೇ, ಸ್ಲೈಗೋ ಊರಿನ ಪಶ್ಚಿಮಕ್ಕೆ, ಸಮುದ್ರದ ಪಕ್ಕದಲ್ಲೇ. ಎತ್ತರ 327 ಮೀಟರ್. ತುದಿಯಲ್ಲಿ ಬರೀ ಕಲ್ಲುಗಳನ್ನು ರಾಶಿ ಹಾಕಿ ಮಾಡಿದ ದಿಬ್ಬ, ಸುಮಾರು 55 ಮೀಟರ್ ಅಗಲ, 10 ಮೀಟರ್ ಎತ್ತರ. ಐದು ಸಾವಿರ ವರ್ಷದಷ್ಟು ಹಳೆಯದು, ಇದುವರೆಗೆ ಅಗೆದು ನೋಡಿಲ್ಲ. ಕನಾಕ್ಟ್ ಸೀಮೆಯ ರಾಣಿ ಮೇವ್‌ಳನ್ನು ಅದರೊಳಗೆ ನಿಂತ ಭಂಗಿಯಲ್ಲೇ ಹೂಳಿದ್ದಾರೆ, ಕೈಯಲ್ಲಿ ಈಟಿ ಹಿಡಿದು ಉತ್ತರದ ಅಲ್‌ಸ್ಟರ್ ಸೀಮೆಯ ಶತ್ರುಗಳ ಕಡೆ ಮುಖ ಮಾಡಿ ನಿಂತಿದ್ದಾಳೆ ಅನ್ನುವುದು ಜನರ ನಂಬಿಕೆ. ಅಮ್ಮನಿಗೆ ಈ ರಾಣಿ ತುಂಬಾ ಹಿಡಿಸಿದಳು.

ಆದರೆ ತುದಿಗೆ ಅಮ್ಮ ಬರಲಿಲ್ಲ. ಸ್ಟ್ರ್ಯಾಂಡ್‌ಹಿಲ್ ಕಡೆಯ ದಾರಿಯಲ್ಲಿ ಮರದ ಹಲಗೆಯ ಮೆಟ್ಟಿಲುಗಳು ಮುಗಿಯುವುದೇ ಇಲ್ಲ. ಬಗ್ಗಿಗೆ ಸಾಧ್ಯವೇ ಇಲ್ಲ. ಇನ್ನೊಂದು ಕಡೆಯಿಂದ ಮೆಟ್ಟಿಲ ಕಾಟ ಇಲ್ಲ, ಕಲ್ಲು ಜಾಸ್ತಿ. ಮೇಲೆ ಗಾಳಿ ಎಷ್ಟೆಂದರೆ ಮಾತಾಡಿದ್ದು ಕೇಳಿಸುವುದಿಲ್ಲ, ಕಥೆ ಹೇಳುವುದು ದೂರವೇ ಉಳಿಯಿತು. ಮಕ್ಕಳು ಎಂಟು ದಾಟಿದ ಮೇಲೆ ಇದು ತುಂಬಾ ಒಳ್ಳೆಯ ಆಯ್ಕೆ. ಒಂದು ಮನವಿ: ಕಲ್ಲಿನ ದಿಬ್ಬದ ಮೇಲೆ ಹತ್ತಬೇಡಿ, ಮಕ್ಕಳನ್ನೂ ಹತ್ತಿಸಬೇಡಿ. ಜನ ತುಳಿದು ತುಳಿದು ಅದು ಹಾಳಾಗುತ್ತಿದೆ. ಕೆಳಗಿನ ಸ್ಟ್ರ್ಯಾಂಡ್‌ಹಿಲ್ ಕಡಲಲ್ಲಿ ಈಜಲೂ ಬೇಡಿ, ಸೆಳೆತ ಅಪಾಯಕಾರಿ.

ಈಗ ನನ್ನ ಗೊರ್ಟರೋವಿ. ಬೆನ್‌ಬಲ್ಬೆನ್ 526 ಮೀಟರ್ ಎತ್ತರದ, ತಲೆ ಚಪ್ಪಟೆಯಾದ ಸುಣ್ಣಕಲ್ಲಿನ ಬೆಟ್ಟ. ನಾವು ಅದನ್ನು ಹತ್ತುವುದಿಲ್ಲ, ಅದೇ ಇದರ ಸೊಗಸು. ಬುಡದಲ್ಲಿ ಐದೂವರೆ ಕಿಲೋಮೀಟರಿನ ಒಂದು ಸುತ್ತು. ಜಲ್ಲಿ ಹಾಕಿದ ಅಗಲ ದಾರಿ, ಹೆಚ್ಚು ಕಡಿಮೆ ಸಮತಟ್ಟು. ಮೊದಲು ಕಾಡು. ಕಾಡು ಮುಗಿದ ಕೂಡಲೇ ಬೆಟ್ಟದ ಗೋಡೆ ಎದುರಿಗೇ ಎದ್ದು ನಿಲ್ಲುತ್ತದೆ. ಮೇಲಿಂದ ಕೆಳಗಿನವರೆಗೆ ಉದ್ದುದ್ದ ಕೊರಕಲು, ಸೀರೆಗೆ ನೆರಿಗೆ ಹಿಡಿದ ಹಾಗೆ. ಇನ್ನೊಂದು ಕಡೆ ತಿರುಗಿದರೆ ಸಮುದ್ರ, ದೂರದಲ್ಲಿ ಮುಲಕ್‌ಮೋರ್ ಅನ್ನುವ ಭೂಶಿರದ ಮೇಲಿನ ಕೋಟೆ. ಅಮ್ಮ ಕೋಲು ಹಿಡಿದು ತನ್ನ ಪಾಡಿಗೆ ನಡೆದರು. ಬಗ್ಗಿ ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ.

ಕಥೆ ಹೇಳಲು ಬೇಕಾದಷ್ಟು ಸಮಯ ಸಿಗುವುದು ಇಲ್ಲೇ. ವಯಸ್ಸಾದ ಫಿನ್ ಜೊತೆ ರಾಜಕುಮಾರಿ ಗ್ರಾನಿಯಾಳ ಮದುವೆ ಗೊತ್ತಾಗಿರುತ್ತದೆ. ಅವಳು ಅವನ ಬಂಟ ಡೀರ್ಮಿಡ್ ಜೊತೆ ಓಡಿಹೋಗುತ್ತಾಳೆ. ವರ್ಷಗಟ್ಟಲೆ ಕಾಡು ಗುಹೆ ಅಲೆದು, ಕೊನೆಗೆ ರಾಜಿಯೂ ಆಗುತ್ತದೆ. ಆಮೇಲೊಂದು ದಿನ ಇದೇ ಬೆನ್‌ಬಲ್ಬೆನ್‌ನಲ್ಲಿ ಬೇಟೆ. ಕಾಡುಹಂದಿ ಡೀರ್ಮಿಡ್‌ನನ್ನು ಸೀಳಿಹಾಕುತ್ತದೆ. ಫಿನ್ ಬೊಗಸೆಯಲ್ಲಿ ನೀರು ಕುಡಿಸಿದರೆ ಎಂಥ ಗಾಯವೂ ವಾಸಿ. ಅವನು ನೀರು ತರುತ್ತಾನೆ, ಗ್ರಾನಿಯಾಳ ನೆನಪಾಗುತ್ತದೆ, ನೀರು ಬೆರಳ ಸಂದಿಯಲ್ಲಿ ಸೋರಿಹೋಗುತ್ತದೆ. ಎರಡನೇ ಸಲವೂ ಹಾಗೇ. ಮೊಮ್ಮಗ ಆಸ್ಕರ್ ಗದರಿದ ಮೇಲೆ ಮೂರನೇ ಸಲ ನಿಜವಾಗಿ ತರುತ್ತಾನೆ. ಅಷ್ಟರಲ್ಲಿ ಡೀರ್ಮಿಡ್ ಇಲ್ಲ.

ಮಗಳು ದಾರಿ ಪಕ್ಕದ ತೊರೆಯಿಂದ ಬೊಗಸೆ ತುಂಬ ನೀರು ಹಿಡಿದು ಅಜ್ಜಿ ಕೂತಲ್ಲಿಗೆ ನಡೆದು ನೋಡಿದಳು. ಬೆರಳು ಎಷ್ಟು ಒತ್ತಿ ಹಿಡಿದರೂ ಅರ್ಧ ದಾರಿಗೇ ಖಾಲಿ. 'ಅಜ್ಜೀ, ಫಿನ್ ಬೇಕಂತ ಚೆಲ್ಲಿದ್ನಾ, ತಾನಾಗೇ ಸೋರಿತಾ?' ಅಂದಳು. 'ಅವನಿಗೂ ಗೊತ್ತಿತ್ತೋ ಇಲ್ವೋ ಪುಟ್ಟಾ' ಅಂದರು ಅಮ್ಮ. ಮಿಕ್ಕ ದಾರಿ ಪೂರ್ತಿ ಇಬ್ಬರದೂ ಇದೇ ಚರ್ಚೆ. ಆರ್ಮಾದ ಆಟಿಕೆ ಬಾಗಿಲುಗಳು ಚೆನ್ನಾಗಿದ್ದವು, ಆದರೆ ಅವುಗಳ ಬಗ್ಗೆ ಅವಳು ಹೀಗೆ ಪ್ರಶ್ನೆ ಕೇಳಲಿಲ್ಲ. ನನಗೆ ದೊಡ್ಡ ವ್ಯತ್ಯಾಸ ಕಂಡಿದ್ದು ಇಲ್ಲೇ. ಅಲ್ಲಿ ಕಥೆಯನ್ನು ಮಕ್ಕಳಿಗೆ ಅಂತ ಮಾಡಿಟ್ಟಿದ್ದಾರೆ. ಇಲ್ಲಿ ಕಥೆ ನಡೆದ ಬೆಟ್ಟವೇ ಪಕ್ಕದಲ್ಲಿ ಬರುತ್ತಿರುತ್ತದೆ.

ಕೊರತೆಗಳೂ ಇವೆ. ಡಬ್ಲಿನ್‌ನಿಂದ ಇನ್ನೂರು ಕಿಲೋಮೀಟರ್ ಮೇಲೆ, ಎರಡೂವರೆ ಮೂರು ಗಂಟೆ ಡ್ರೈವ್, ಎಂ4ರಲ್ಲಿ ಟೋಲ್. ಒಂದೇ ದಿನದಲ್ಲಿ ಮುಗಿಸಿದರೆ ಮಕ್ಕಳಿಗೂ ನಿಮಗೂ ಸುಸ್ತು. ನಾವು ಸ್ಲೈಗೋದಲ್ಲಿ ಒಂದು ರಾತ್ರಿ ಉಳಿಯುತ್ತೇವೆ, ಅದರ ಖರ್ಚು ಸೇರಿಸಿಕೊಳ್ಳಿ. ಕಾರಿಲ್ಲದವರು ಡಬ್ಲಿನ್‌ನ ಕಾನಲಿ ಸ್ಟೇಷನ್ನಿಂದ ರೈಲಿನಲ್ಲಿ ಸ್ಲೈಗೋವರೆಗೆ ಬರಬಹುದು, ಅಲ್ಲಿಂದ ಟ್ಯಾಕ್ಸಿ. ಬೇಸಿಗೆಯ ಸಂಜೆ ಗಾಳಿ ನಿಂತರೆ ಮಿಜ್ ಅನ್ನುವ ಸಣ್ಣ ನೊರಜು ಮುತ್ತಿಕೊಳ್ಳುತ್ತವೆ, ತೋಳು ಮುಚ್ಚುವ ಬಟ್ಟೆ ಇರಲಿ. ಕಾಡಿನ ದಾರಿಯಲ್ಲಿ ನಮಗೆ ಶೌಚಾಲಯ ಕಾಣಲಿಲ್ಲ. ಚಿಕ್ಕ ಮಕ್ಕಳಿದ್ದರೆ ಇದು ದೊಡ್ಡ ವಿಷಯ.

ಆದರೂ ಉಳಿದ ಮೂರರ ಬದಲು ನಾನು ಇದಕ್ಕೇ ದುಡ್ಡು ಹಾಕುತ್ತೇನೆ. ವರ್ಷದಲ್ಲಿ ನಮಗೆ ಸಿಗುವ ಉದ್ದ ವಾರಾಂತ್ಯಗಳು ಕಡಿಮೆ. ಅದರಲ್ಲಿ ಒಬ್ಬರು ಕೆಳಗೆ ಕಾರಿನಲ್ಲಿ ಕಾಯುತ್ತಾ ಕೂರುವ ಜಾಗ ನನಗೆ ಬೇಡ. ಅರ್ಧ ದಿನ ಮಾತ್ರ ಇದ್ದರೆ ಹೆಲ್‌ಫೈರ್, ಕಾಲು ಗಟ್ಟಿ ಇದ್ದರೆ ನಾಕ್‌ನರೇ, ವೀಸಾ ಕೈಲಿದ್ದರೆ ಸ್ಲೀವ್ ಗಲಿಯನ್. ಅಜ್ಜಿಯಿಂದ ಬಗ್ಗಿಯವರೆಗೆ ಎಲ್ಲರೂ ಒಟ್ಟಿಗೆ ನಡೆಯಬೇಕು ಅಂದರೆ ಗೊರ್ಟರೋವಿ.

ಹೊರಡುವವರಿಗೆ ನಮ್ಮ ಕ್ರಮ ಹೇಳುತ್ತೇನೆ. ಬೆಳಿಗ್ಗೆ ಮೊದಲು ಡ್ರಮ್‌ಕ್ಲಿಫ್ ಚರ್ಚ್ ಹತ್ತಿರ ನಿಲ್ಲಿಸಿ. ಕವಿ ಯೇಟ್ಸ್ ಸಮಾಧಿ ಅಲ್ಲೇ ಇದೆ. 1939ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ ಅವರನ್ನು 1948ರಲ್ಲಿ ಇಲ್ಲಿಗೆ ತಂದು ಮಣ್ಣು ಮಾಡಿದರು. ಪಕ್ಕದಲ್ಲಿ ಟೀ ಸಿಗುತ್ತದೆ, ಶೌಚಾಲಯದ ಕೆಲಸವನ್ನೂ ಅಲ್ಲೇ ಮುಗಿಸಿ. ಆಮೇಲೆ ಗೊರ್ಟರೋವಿ ಸುತ್ತು, ಚಿತ್ರಾನ್ನದ ಡಬ್ಬಿ ಜೊತೆಗಿರಲಿ. ಮಧ್ಯಾಹ್ನ ಗ್ಲೆನ್‌ಕಾರ್ ಜಲಪಾತ. ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ನೀರಿನ ಮುಂದೆ ಇರುತ್ತೀರಿ. ಮಗುವನ್ನು ಯಕ್ಷಿಣಿಯರು ಕರೆದೊಯ್ಯುವ ಯೇಟ್ಸ್ ಕವಿತೆಯಲ್ಲಿ ಬರುವ ಗ್ಲೆನ್‌ಕಾರ್ ಇದೇ. ಮಳೆ ಬಂದ ಮಾರನೇ ದಿನ ಹೋದರೆ ಇನ್ನೂ ಒಳ್ಳೆಯದು, ಜಲಪಾತದಲ್ಲಿ ನೀರು ಜೋರಾಗಿರುತ್ತದೆ.