ಆರು ಮೀಟರಿಗೆ ಒಂದೇ ಸೆಂಟಿಮೀಟರ್ ಕಮ್ಮಿ

ಮೊದಲೇ ಹೇಳಿಬಿಡುತ್ತೇನೆ. ನಾವು ಬಾಡಿಗೆಗೆ ಹಿಡಿದು ಸುತ್ತಿದ, ಒಳಗೇ ಮಲಗುವ ವ್ಯಾನಿಗೆ ಐದಕ್ಕೆ ನಾಲ್ಕು ಅಂಕ. ಅದನ್ನು ಬಾಡಿಗೆಗೆ ಕೊಟ್ಟವರಿಗೆ ಎರಡೂವರೆ. ಅದರಲ್ಲೂ ಆ ಅರ್ಧ, ದಿಂಬಿನ ಕವರು ಹೊದಿಕೆ ಎಲ್ಲ ಒಗೆದು ಇಸ್ತ್ರಿ ಹಾಕಿ ಇಟ್ಟಿದ್ದಕ್ಕೆ.

ಸೆಪ್ಟೆಂಬರ್ 21ಕ್ಕೆ ಕೋಪನ್‌ಹೇಗನ್‌ನಲ್ಲಿ ವ್ಯಾನ್ ತಗೊಂಡು ಅಕ್ಟೋಬರ್ 5ಕ್ಕೆ ಅಲ್ಲೇ ವಾಪಸ್ ಕೊಟ್ಟೆವು. ನಾನು ಮತ್ತೆ ನಮ್ಮಕ್ಕ. ಹದಿನಾಲ್ಕು ರಾತ್ರಿ, ಮೂರು ದೇಶ (ಡೆನ್ಮಾರ್ಕ್, ಸ್ವೀಡನ್, ನಾರ್ವೆ), 2,612 ಕಿಲೋಮೀಟರ್. ಸ್ಟೀರಿಂಗ್ ಪೂರ್ತಿ ನಂದು. ಮ್ಯಾಪು, ಅಡುಗೆ, ಹತ್ತು ನಿಮಿಷಕ್ಕೊಮ್ಮೆ "ನಿಧಾನ ಕಣೇ" ಅನ್ನುವುದು ಅಕ್ಕಂದು. ಬೇಸಿಗೆ ರಜೆಯ ಗದ್ದಲ ಮುಗಿದಿತ್ತು. ಹಾಗಾಗಿ ಬಾಡಿಗೆ ದಿನಕ್ಕೆ 950 ಡ್ಯಾನಿಶ್ ಕ್ರೋನಕ್ಕೆ ಸಿಕ್ಕಿತು.

ವ್ಯಾನ್ ಫಿಯಾಟ್ ಡುಕಾಟೊ. ಸರಕು ಸಾಗಿಸುವ ಗಾಡಿಯೊಳಗೆ ಹಾಸಿಗೆ, ಒಲೆ, ಸಿಂಕು, ಫ್ರಿಜ್ಜು, ಅಂಗೈಯಗಲದ ಬಚ್ಚಲು. ಉದ್ದ 5.99 ಮೀಟರ್. ಆ ಒಂದು ಸೆಂಟಿಮೀಟರ್ ಯಾಕೆ ಕಮ್ಮಿ ಅಂತ ಮೊದಲ ದಿನವೇ ಗೊತ್ತಾಯಿತು. ಡೆನ್ಮಾರ್ಕಿನಿಂದ ಸ್ವೀಡನ್ನಿಗೆ ಹೋಗುವ ಓರೆಸುಂಡ್ ಸೇತುವೆಯಲ್ಲಿ ಟೋಲ್ ಗಾಡಿಯ ಉದ್ದದ ಮೇಲೆ. ಆರು ಮೀಟರಿನ ತನಕ ಕಾರಿನ ದರ, ಅದನ್ನು ದಾಟಿದರೆ ಜಾಸ್ತಿ. ಬಾಡಿಗೆಯವರು ಹಿಂದೆ ಸೈಕಲ್ ಸ್ಟ್ಯಾಂಡ್ ಸಿಕ್ಕಿಸಿ ಕೊಡುತ್ತೇವೆ, ಫ್ರೀ ಅಂದರು. ಬೇಡ ಅಂದೆವು. ಸೈಕಲ್ಲೇ ಇಲ್ಲ, ಸ್ಟ್ಯಾಂಡ್ ತಗೊಂಡು ಏನು ಮಾಡೋದು, ಅಲ್ವಾ?

ಸೇತುವೆ 2000ದಲ್ಲಿ ಶುರುವಾಗಿದ್ದು. ಡೆನ್ಮಾರ್ಕ್ ಕಡೆಯಿಂದ ಹೋದರೆ ಮೊದಲು ಸಮುದ್ರದ ಕೆಳಗೆ ಸುಮಾರು ನಾಲ್ಕು ಕಿಲೋಮೀಟರ್ ಸುರಂಗ, ಆಮೇಲೆ ಮಣ್ಣು ತುಂಬಿಸಿ ಮಾಡಿದ ಒಂದು ದ್ವೀಪ, ಅಲ್ಲಿಂದ ಸುಮಾರು ಎಂಟು ಕಿಲೋಮೀಟರ್ ಸೇತುವೆ. ಅಡ್ಡಗಾಳಿ ಬಡಿದಾಗ ಈ ಎತ್ತರದ ವ್ಯಾನ್ ಒಂದು ಸಲ ಪಕ್ಕಕ್ಕೆ ಸರಿಯುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ.

ಈಗ ವ್ಯಾನ್ ಕೈಗೆ ಕೊಟ್ಟ ರೀತಿಗೆ ಬರುತ್ತೇನೆ. ಒಬ್ಬ ಹುಡುಗ ಇಪ್ಪತ್ತು ನಿಮಿಷದಲ್ಲಿ ಎಲ್ಲ ತೋರಿಸಿದ. ಮೇಜು ಹೇಗೆ ಮಡಚಬೇಕು, ಒಲೆ ಹೇಗೆ ಹಚ್ಚಬೇಕು, ಟಾಯ್ಲೆಟ್ಟಿನ ಡಬ್ಬಿ ಎಲ್ಲಿಂದ ಎಳೆಯಬೇಕು. ಹೀಟರಿನ ಮುಂದೆ ನಿಂತು "ಇದನ್ನು ತಿರುಗಿಸಿದರೆ ಬಿಸಿ" ಅಂದ. ಅಷ್ಟೇ. ಹೊರಡುವಾಗ ಇನ್ನೊಂದು ಮಾತು: "ನಾರ್ವೆಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು." ಈ ಎರಡು ಮಾತಿಗೇ ನಾನು ಅಂಕ ಕಳೆದಿದ್ದು.

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ನಾರ್ವೆಯಲ್ಲಿ 1957ರ ಕಾನೂನಿನ ಪ್ರಕಾರ ಕಾಡು ಬೆಟ್ಟಗಳಲ್ಲಿ ಯಾರು ಬೇಕಾದರೂ ಓಡಾಡಬಹುದು, ಮನೆಗಳಿಂದ 150 ಮೀಟರ್ ದೂರದಲ್ಲಿ ಟೆಂಟ್ ಹಾಕಿ ಮಲಗಬಹುದು. ಆದರೆ ಅದು ನಡೆದು ಹೋಗುವವರಿಗೆ ಇರುವ ಹಕ್ಕು. ಗಾಡಿಗೆ ಪಾರ್ಕಿಂಗ್ ನಿಯಮ, ಆ ಜಾಗದಲ್ಲಿ ನೆಟ್ಟಿರುವ ಬೋರ್ಡು. ಒಳ್ಳೇ ನೋಟ ಇರುವ ಕಡೆಯೆಲ್ಲ ರಾತ್ರಿ ನಿಲ್ಲಬೇಡಿ ಅಂತ ಬೋರ್ಡು ಇದ್ದೇ ಇರುತ್ತದೆ. ನಾವು ಎರಡೇ ರಾತ್ರಿ ಹೊರಗೆ ನಿಂತೆವು. ಉಳಿದಿದ್ದೆಲ್ಲ ಕ್ಯಾಂಪಿಂಗ್ ಜಾಗದಲ್ಲಿ. ಅದೂ ಸುಲಭ ಇರಲಿಲ್ಲ, ಯಾಕೆಂದರೆ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಬಹಳಷ್ಟು ಕ್ಯಾಂಪಿಂಗ್‌ಗಳು ಗೇಟು ಹಾಕಿರುತ್ತವೆ. ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ.

ಇನ್ನು ಹೀಟರ್. ಇದು ವ್ಯಾನಿನ ಟ್ಯಾಂಕಿನಿಂದಲೇ ಡೀಸೆಲ್ ಕುಡಿಯುತ್ತದೆ, ಫ್ಯಾನಿಗೆ ಎಂಜಿನ್ನಿನದಲ್ಲದ, ಒಳಗಿನ ಬಳಕೆಗೆಂದೇ ಇರುವ ಎರಡನೇ ಬ್ಯಾಟರಿ. ಒಳಗೆ ಗಾಳಿಯನ್ನೂ ಕಾಯಿಸುತ್ತದೆ, ಹತ್ತು ಲೀಟರ್ ನೀರನ್ನೂ ಕಾಯಿಸುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ತೀರಾ ಇಳಿದರೆ ಹೀಟರ್ ನಿಂತುಹೋಗುತ್ತದೆ, ಎಂಜಿನ್ನಿಗೆ ಉಳಿಯಲಿ ಅಂತ. ಹಾಗಾಗಿ ಅಕ್ಕ ಒಂದು ಕಾನೂನು ಮಾಡಿದಳು: ಮುಳ್ಳು ಅರ್ಧಕ್ಕೆ ಬಂದರೆ ಬಂಕ್ ಹುಡುಕಬೇಕು. ಅವಳಿಗೆ ಬೆಟ್ಟ ಕಾಣದಿದ್ದರೂ ಪರವಾಗಿಲ್ಲ, ಕಾಲು ಬೆಚ್ಚಗಿರಬೇಕು.

ಮೊದಲ ಐದು ರಾತ್ರಿ ಏನೂ ತೊಂದರೆ ಇಲ್ಲ. ಐದು ನಿಮಿಷದಲ್ಲಿ ಒಳಗೆ ಬೆಚ್ಚಗೆ. ಶಬ್ದ ಇದೆ, ದೂರದಲ್ಲಿ ಯಾರೋ ಮಿಕ್ಸಿ ಹಾಕಿದ ಹಾಗೆ. ಆರನೇ ರಾತ್ರಿ ಓಸ್ಲೊ ದಾಟಿ ಬೈಟೊಸ್ಟೋಲೆನ್ ಅನ್ನುವ ಬೆಟ್ಟದೂರಿನಲ್ಲಿ ನಿಂತಿದ್ದೆವು. ಆ ಶಬ್ದಕ್ಕೆ ನಿದ್ದೆ ಬರಲ್ಲ ಅಂತ ನಾನೇ ಹೀಟರ್ ಆರಿಸಿ ಮಲಗಿದೆ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆಯಿತು. ಸಿಂಕಿನ ಕೆಳಗಿಂದ ಗುರ್ ಅಂತ ಪಂಪ್ ಓಡುವ ಸದ್ದು. ನಲ್ಲಿ ತಿರುಗಿಸಿದರೆ ಬರೀ ಗಾಳಿ. ಟಾರ್ಚ್ ಹಿಡಿದು ಕೆಳಗಿಳಿದು ನೋಡಿದರೆ ವ್ಯಾನಿನ ಕೆಳಗೆ ಹುಲ್ಲೆಲ್ಲ ಒದ್ದೆ. ಹಿಂದಿನ ಸಂಜೆ ತುಂಬಿಸಿದ ನೀರು ಅಷ್ಟೂ ನೆಲಕ್ಕೆ ಹೋಗಿತ್ತು. ಪೈಪ್ ಒಡೆಯಿತು ಅಂದುಕೊಂಡು ನಾನು ಡೆಪಾಸಿಟ್ ಲೆಕ್ಕ ಹಾಕುತ್ತಾ ಮೆಟ್ಟಿಲ ಮೇಲೆ ಕೂತೆ.

ಬೆಳಗಾದ ಮೇಲೆ ಪಕ್ಕದ ವ್ಯಾನಿನ ಡಚ್ ಅಜ್ಜ ಬಂದು, ಬೆಂಚಿನ ಹಲಗೆ ಎತ್ತಿ, ಒಂದು ಸಣ್ಣ ಗುಂಡಿ ತೋರಿಸಿದರು. ಏನೂ ಒಡೆದಿರಲಿಲ್ಲ. ಬಾಯ್ಲರಿಗೆ ಒಂದು ವಾಲ್ವ್ ಇದೆ. ಅದರ ಸುತ್ತ ಸುಮಾರು 3 ಡಿಗ್ರಿಗೆ ಇಳಿದರೆ ತಾನೇ ತೆರೆದುಕೊಂಡು ನೀರು ಚೆಲ್ಲಿಬಿಡುತ್ತದೆ. ನೀರು ಒಳಗೇ ಹೆಪ್ಪುಗಟ್ಟಿದರೆ ಬಾಯ್ಲರ್ ಬಿರಿಯುತ್ತದಲ್ಲ, ಅದಕ್ಕೆ. ನಾವು ಪಂಪ್ ಸ್ವಿಚ್ ಆರಿಸಿರಲಿಲ್ಲ. ಬಾಯ್ಲರ್ ಖಾಲಿ ಆದ ಹಾಗೆಲ್ಲ ಪಂಪ್ ದೊಡ್ಡ ಟ್ಯಾಂಕಿನ ನೀರನ್ನೂ ತಂದು ತಂದು ಸುರಿದಿದೆ. ಇನ್ನೊಂದು ತಮಾಷೆ ಎಂದರೆ, ಸುತ್ತ 7 ಡಿಗ್ರಿ ಬಿಸಿ ಆಗುವ ತನಕ ಆ ಗುಂಡಿ ಒತ್ತಿದರೂ ನಿಲ್ಲುವುದಿಲ್ಲ, ಟಕ್ ಅಂತ ಮೇಲೆ ಬರುತ್ತದೆ. ಅಜ್ಜ ಜೇಬಿನಿಂದ ಒಂದು ಬಟ್ಟೆ ಕ್ಲಿಪ್ ತೆಗೆದರು. ಹಳದಿ ಬಣ್ಣದ್ದು. ಗುಂಡಿಯನ್ನು ಒತ್ತಿ, ಕ್ಲಿಪ್ ಸಿಕ್ಕಿಸಿ, ಹೀಟರ್ ಹಾಕಿ, ಅರ್ಧ ಗಂಟೆ ಬಿಟ್ಟು ತೆಗೀರಿ ಅಂದರು. ರಾತ್ರಿ ಮಾತ್ರ ಯಾವತ್ತೂ ಕ್ಲಿಪ್ ಹಾಕಿಟ್ಟು ಮಲಗಬೇಡಿ ಅಂತ ಎರಡು ಸಲ ಹೇಳಿದರು. ಕ್ಲಿಪ್ ನಮಗೇ ಕೊಟ್ಟು ಹೋದರು.

ಇಷ್ಟನ್ನು ಹೇಳಲು ಆ ಹುಡುಗನಿಗೆ ಎರಡು ನಿಮಿಷ ಸಾಕಿತ್ತು. ಹೀಟರಿನ ಪುಸ್ತಕವಾದರೂ ಡ್ಯಾಶ್‌ಬೋರ್ಡಿನಲ್ಲಿ ಇರಬೇಕಿತ್ತು. ಇದ್ದಿದ್ದು ಫ್ರಿಜ್ಜಿನದು.

ಆಮೇಲಿಂದ ರಾತ್ರಿಯಿಡೀ ಹೀಟರನ್ನು ಸಣ್ಣಗೆ ಇಟ್ಟೇ ಮಲಗಿದೆವು. ಮಿಕ್ಸಿ ಸದ್ದು ಅಭ್ಯಾಸ ಆಯಿತು. ಅಭ್ಯಾಸ ಆಗದೇ ಇದ್ದಿದ್ದು ಬೆವರುವ ಗಾಜು. ಇಬ್ಬರು ಉಸಿರಾಡಿದ ಆವಿಯೆಲ್ಲ ಬೆಳಿಗ್ಗೆ ಕಿಟಕಿಯಿಂದ ತೊಟ್ಟಿಕ್ಕುತ್ತಿತ್ತು. ಮುಂದಿನ ಗಾಜಿಗೆ ಒಳಗಿಂದ ಅಂಟಿಸುವ ಬೆಳ್ಳಿ ಬಣ್ಣದ ದಪ್ಪ ಹಾಳೆ ಕೊಟ್ಟಿದ್ದರು, ಅದು ಚೆನ್ನಾಗಿದೆ. ಹಾಸಿಗೆ ಹಿಂದುಗಡೆ ಅಡ್ಡಕ್ಕೆ. ಒಳಗೆ ಮಲಗಿದವರು ರಾತ್ರಿ ಏಳಬೇಕಾದರೆ ಹೊರಗೆ ಮಲಗಿದವರ ಮೇಲೆ ಹತ್ತಿ ಇಳಿಯಬೇಕು. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದವರಿಗೆ ಓಕೆ.

ರಸ್ತೆಯಲ್ಲಿ ಈ ಗಾಡಿ ನನಗೆ ತುಂಬಾ ಇಷ್ಟವಾಯಿತು. ವಾಲ್ಡ್ರೆಸ್‌ಫ್ಲೂಯೆ ಅನ್ನುವ ಬಯಲು ಬೆಟ್ಟದ ರಸ್ತೆ 1,389 ಮೀಟರ್ ಎತ್ತರ. ಅಲ್ಲಿ ಮರ ಇಲ್ಲ. ಮೊಣಕಾಲೆತ್ತರದ ಕುಳ್ಳ ಬರ್ಚ್ ಗಿಡ, ಸೆಪ್ಟೆಂಬರ್ ಕೊನೆಗೆ ಪೂರ್ತಿ ಕೆಂಪು. ಕುಂಕುಮ ಚೆಲ್ಲಿದ ಹಾಗೆ ಅಂದರೆ ಸುಳ್ಳಾಗುತ್ತದೆ, ಅದಕ್ಕಿಂತ ಕಂದು ಜಾಸ್ತಿ, ಒಣಮೆಣಸಿನಕಾಯಿ ಬಣ್ಣ. ಮಧ್ಯೆ ಮಧ್ಯೆ ಬಿಳಿ ಕಲ್ಲುಹೂವು.

ಅಲ್ಲಿಂದ ಲೋಮ್. ಹನ್ನೆರಡನೇ ಶತಮಾನದ ಮರದ ಚರ್ಚು ಇರುವ ಊರು. ಮರುದಿನ ಸೋಗ್ನೆಫ್ಯೆಲ್ ರಸ್ತೆ ಹತ್ತಬೇಕಿತ್ತು. 1938ರಲ್ಲಿ ತೆರೆದ ರಸ್ತೆ, ತುದಿ 1,434 ಮೀಟರ್, ಉತ್ತರ ಯೂರೋಪಿನ ಘಾಟಿಗಳಲ್ಲೇ ಎತ್ತರದ್ದು. ಬೆಳಿಗ್ಗೆ ನೋಡಿದರೆ ರಾತ್ರಿ ಹಿಮ ಬಿದ್ದು ಗೇಟು ಹಾಕಿದ್ದಾರೆ. ಸೆಪ್ಟೆಂಬರಿನಲ್ಲೇ! ನಮ್ಮ ಟೈರು ಆಲ್-ಸೀಸನ್. ನಾರ್ವೆಯಲ್ಲಿ ಇಂಥ ತಾರೀಕಿನಿಂದ ಚಳಿಗಾಲದ ಟೈರ್ ಹಾಕಿ ಅಂತ ಕಾರಿನವರಿಗೆ ದಿನ ಗೊತ್ತು ಮಾಡಿಲ್ಲ. ಆದರೆ ರಸ್ತೆಗೆ ತಕ್ಕ ಹಿಡಿತ ಇರಲೇಬೇಕು, ಇಲ್ಲದಿದ್ದರೆ ತಪ್ಪು ಡ್ರೈವರಿನದು. ಅಂದರೆ ನಂದು. ಬೇಕರಿಯಲ್ಲಿ ಕಾಫಿ ಕುಡಿಯುತ್ತಾ ರಸ್ತೆ ಇಲಾಖೆಯ ವೆಬ್‌ಸೈಟ್ ನೋಡುತ್ತಾ ಕೂತೆವು. ಮಧ್ಯಾಹ್ನ ಎರಡಕ್ಕೆ ಹಿಮ ಬಳಿದು ಗೇಟು ತೆಗೆದರು. ಮೇಲೆ ಹೋದರೆ ರಸ್ತೆ ಮಾತ್ರ ಕಪ್ಪು, ಬಾಕಿ ಎಲ್ಲ ಬಿಳಿ. ಎರಡನೇ ಗೇರಿನಲ್ಲಿ ಇಳಿದೆ. ಅಕ್ಕ ಅವತ್ತು "ನಿಧಾನ" ಅನ್ನಲಿಲ್ಲ, ಏನೂ ಅನ್ನಲಿಲ್ಲ.

ಆಮೇಲೆ ಫೆರಿ ಹಿಡಿದು ಲ್ಯಾರ್ಡಾಲ್. ಬೆಟ್ಟದ ಮೇಲೆ ಮೋಡ ಕೂತಿತ್ತು, ಹಾಗಾಗಿ ಸುರಂಗ. 24.5 ಕಿಲೋಮೀಟರ್, 2000ದಲ್ಲಿ ತೆರೆದದ್ದು, ಪ್ರಪಂಚದಲ್ಲೇ ಉದ್ದದ ರಸ್ತೆ ಸುರಂಗ. ಡ್ರೈವರಿಗೆ ಮಂಪರು ಬರಬಾರದು ಅಂತ ಮೂರು ಕಡೆ ಗುಹೆಯ ಹಾಗೆ ಅಗಲ ಮಾಡಿ ನೀಲಿ ದೀಪ ಹಾಕಿದ್ದಾರೆ. ಮೊದಲನೇ ನೀಲಿ ಬಂದಾಗ ಅಕ್ಕ "ಹೊರಗೆ ಬಂದ್ವಾ?" ಅಂದಳು. ಇನ್ನೂ ಮುಕ್ಕಾಲು ಭಾಗ ಬಾಕಿ ಇತ್ತು.

ನಿಜವಾದ ಪರೀಕ್ಷೆ ಮರುದಿನ, ಔರ್‌ಲಾಂಡಿನಿಂದ ಸ್ಟೆಗಾಸ್ಟೈನ್‌ಗೆ ಹತ್ತುವಾಗ. ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳಗೆ ನುಗ್ಗಿದ ಸಮುದ್ರದ ತೋಳು, ಅದರ ಮೇಲೆ 650 ಮೀಟರ್ ಎತ್ತರದಲ್ಲಿ ಮರದ ಜಾರುಬಂಡೆಯ ಹಾಗೆ ಮುಂದಕ್ಕೆ ಚಾಚಿಕೊಂಡ ಅಟ್ಟಣಿಗೆ. ತುದಿಯಲ್ಲಿ ಬರೀ ಗಾಜು. ರಸ್ತೆ ಒಂದೂವರೆ ಗಾಡಿಯಗಲ. ಅಲ್ಲಲ್ಲಿ ನೀಲಿ ಬೋರ್ಡಿನ ಮೇಲೆ ಬಿಳಿ ಎಮ್ ಅಕ್ಷರ, ಅಂದರೆ ಎದುರು ಗಾಡಿಗೆ ದಾರಿ ಬಿಡುವ ಜಾಗ. ಒಂದು ತಿರುವಿನಲ್ಲಿ ಬಸ್ಸು ಬಂತು. ಹಿಂದಿನ ಎಮ್ ಬೋರ್ಡು ನನ್ನ ಹಿಂದೆ ಅರವತ್ತು ಮೀಟರ್. ರಿವರ್ಸ್ ಕ್ಯಾಮೆರಾ ಮೇಲೆ ಕೆಸರು. ಅಕ್ಕ ಇಳಿದು ಮಳೆಯಲ್ಲಿ ನಿಂತು ಕೈ ಬೀಸಿದಳು, ನಾನು ಕನ್ನಡಿ ನೋಡಿಕೊಂಡು ಅಂಗುಲ ಅಂಗುಲವಾಗಿ ಹಿಂದೆ ಬಂದೆ. ಬಸ್ಸಿನ ಡ್ರೈವರ್ ಹೆಬ್ಬೆರಳು ಎತ್ತಿ ಹೋದ. ಏಳು ಮೀಟರಿನ ಗಾಡಿ ಆಗಿದ್ದರೆ ನಾನು ಅಲ್ಲೇ ಅಳುತ್ತಿದ್ದೆ. ದೊಡ್ಡದು ತಗೊಳ್ಳಿ, ಜಾಗ ಜಾಸ್ತಿ ಅಂತ ಯಾರಾದರೂ ಹೇಳಿದರೆ ಈ ರಸ್ತೆ ನೆನಪಿಸಿಕೊಳ್ಳಿ.

ಊರುಗಳಲ್ಲಿ ವ್ಯಾನ್ ಬರೀ ಹೊರೆ. ಕೋಪನ್‌ಹೇಗನ್‌ನಲ್ಲಿ ಬಲಕ್ಕೆ ತಿರುಗುವಾಗ ಸೈಕಲ್‌ಗಳ ಹೊಳೆ ನಿಲ್ಲುವ ತನಕ ಕಾಯಬೇಕು. ಓಸ್ಲೊದಲ್ಲಿ ಪಾರ್ಕಿಂಗ್ ಕಟ್ಟಡಗಳ ಬಾಗಿಲಿಗಿಂತ ನಮ್ಮ ತಲೆ ಎತ್ತರ. ಊರಾಚೆ ಕ್ಯಾಂಪಿಂಗಿನಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಹೋದೆವು, ಒಪೆರಾ ಮನೆಯ ಇಳಿಜಾರು ಮಾಡಿನ ಮೇಲೆ ನಡೆದೆವು. ಬರ್ಗನ್‌ನಲ್ಲಿ ಮಳೆ. ಬೇರೆ ಏನೂ ಹೇಳುವುದಕ್ಕಿಲ್ಲ, ಮಳೆ.

ವಾಪಸ್ ಬರುವಾಗ ಹಾರ್ಡಂಗರ್ ಸೇತುವೆ. ಬೆಟ್ಟದೊಳಗಿನ ಸುರಂಗದಲ್ಲಿ ನೀಲಿ ದೀಪದ ವೃತ್ತ ಸುತ್ತಿ ಸೀದಾ ಸೇತುವೆ ಮೇಲೆ ಹೊರಗೆ ಬೀಳುತ್ತೀರಿ. ಅಕ್ಟೋಬರ್ 4ಕ್ಕೆ ಗೋಥೆನ್‌ಬರ್ಗ್ ತಲುಪಿದೆವು. ಅವತ್ತು ಸ್ವೀಡನ್ನಿನಲ್ಲಿ ದಾಲ್ಚಿನ್ನಿ ಬನ್ನಿನ ದಿನವಂತೆ, ಹಾಗಾ ಅನ್ನುವ ಬಡಾವಣೆಯ ಕಾಫಿ ಅಂಗಡಿಗಳ ಮುಂದೆ ಕ್ಯೂ. ನಾನು ಕ್ಯೂ ನಿಂತು ಏಲಕ್ಕಿ ಬನ್ ತಗೊಂಡೆ. ಏಲಕ್ಕಿಯನ್ನು ಇವರು ಪುಡಿ ಮಾಡುವುದಿಲ್ಲ, ಜಜ್ಜಿ ಹಾಕುತ್ತಾರೆ, ಹಲ್ಲಿಗೆ ಸಿಗುತ್ತದೆ. ಬಹಳ ಚೆನ್ನಾಗಿತ್ತು.

ದುಡ್ಡಿನ ವಿಷಯ. ದಿನಕ್ಕೆ 150ರ ಲೆಕ್ಕದಲ್ಲಿ 2,100 ಕಿಲೋಮೀಟರ್ ಬಾಡಿಗೆಯಲ್ಲೇ ಸೇರಿತ್ತು. ಮೇಲಿನ 512ಕ್ಕೆ ಮೂರು ಕ್ರೋನದಂತೆ 1,536. ಇದು ಒಪ್ಪಂದದಲ್ಲಿ ಇತ್ತು, ತಕರಾರಿಲ್ಲ. ಆದರೆ ನಾರ್ವೆಯ ಟೋಲ್, ಫೆರಿ, ಗೋಥೆನ್‌ಬರ್ಗಿನ ದಟ್ಟಣೆ ತೆರಿಗೆ ಎಲ್ಲವೂ ನಂಬರ್ ಪ್ಲೇಟಿನ ಫೋಟೋ ಮೇಲೆ. ಎಲ್ಲೂ ನಿಲ್ಲಿಸಿ ಕೇಳುವುದಿಲ್ಲ. ಬಿಲ್ಲು ಬಾಡಿಗೆಯವರಿಗೆ ಹೋಗಿ, ಅವರಿಂದ ನಮಗೆ ಬರುತ್ತದೆ, ಬಿಲ್ಲು ದಾಟಿಸಿದ್ದಕ್ಕೆ ಅವರ ಕೈಗೂಲಿ ಸೇರಿಸಿಕೊಂಡು. ಒಂದೊಂದು ಸಾಲಿಗೂ ಕೈಗೂಲಿ ಅನ್ನುವುದನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಸಹಿ ಮಾಡುವ ಮೊದಲು ಅದನ್ನು ಕೇಳಿಕೊಳ್ಳಿ.

ಆರು ವಾರ ಬಿಟ್ಟು ಪಟ್ಟಿ ಬಂತು. ಮೂವತ್ತೊಂದು ಸಾಲು. ಕೂತು ಒಂದೊಂದೇ ನೋಡಿದೆ. ಕೊನೆಯದು ಓಸ್ಲೊ ಟೋಲ್, ಅಕ್ಟೋಬರ್ 8. ನಾವು ವ್ಯಾನ್ ಕೊಟ್ಟು ಮೂರು ದಿನ ಆಗಿತ್ತು. ಮೇಲ್ ಬರೆದೆ, ಆ ಸಾಲು ತೆಗೆದರು. ಅಕ್ಕನಿಗೆ ಫೋನ್ ಮಾಡಿ ಹೇಳಿದರೆ ಅವಳು ಬಿಲ್ಲಿನ ಬಗ್ಗೆ ಏನೂ ಕೇಳಲಿಲ್ಲ. "ಹಾಗಾದ್ರೆ ಯಾರೋ ಬೆಟ್ಟದ ಕಡೆ ಹೋಗಿದ್ದಾರೆ ಕಣೇ. ಆ ಹಳದಿ ಕ್ಲಿಪ್ ಬೆಂಚಿನ ಕೆಳಗೇ ಬಿಟ್ಟು ಬಂದ್ವಲ್ಲ, ಅದು ಯಾತಕ್ಕೆ ಅಂತ ಗೊತ್ತಾಗಿರುತ್ತಾ ಅವರಿಗೆ?"