ಜಿಪ್ಸಿಯ ತುಕ್ಕು ಬಿಡಿಸಿದ ಸಕಲೇಶಪುರದ ವರ್ಕ್‌ಶಾಪ್

ನಮ್ಮದು 1998ರ ಮಾರುತಿ ಜಿಪ್ಸಿ, 1.3 ಲೀಟರ್ ಎಂಜಿನ್. ತೋಟದಲ್ಲಿ ಗೊಬ್ಬರದ ಮೂಟೆ ಹೊತ್ತು, ಮಳೆಗಾಲವಿಡೀ ಕೆಸರಲ್ಲಿ ಓಡುವ ಗಾಡಿ. ಹಿಂಬದಿಯ ಶ್ಯಾಕಲ್‌ಗಳು (ಸ್ಪ್ರಿಂಗಿನ ತುದಿಯನ್ನು ಗಾಡಿಯ ಚೌಕಟ್ಟಾದ ಛಾಸಿಗೆ ಜೋಡಿಸುವ ಕೊಂಡಿಗಳು) ತುಕ್ಕು ತಿಂದು ಪಾಪಡ್ ಥರ ಆಗಿದ್ದವು. ಜಿಪ್ಸಿಗೆ ಹಿಂದೆ ಮುಂದೆ ನಾಲ್ಕೂ ಕಡೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗೇ ಅಲ್ವಾ, ಹಾಗಾಗಿ ಕೆಲಸವೂ ಜಾಸ್ತಿ.

ಬೇರೊಂದು ಗ್ಯಾರೇಜಿನಲ್ಲಿ "ಸುಮ್ನೆ ವೆಲ್ಡ್ ಮಾಡಿಬಿಡೋಣ ಸಾರ್" ಅಂದಿದ್ದರು. ಸಕಲೇಶಪುರದ ಈ ಚಿಕ್ಕ ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ ಅದಕ್ಕೆ ಒಪ್ಪಲೇ ಇಲ್ಲ. ಹಿಂದಿನ ಸಂಜೆಯೇ ನಟ್ಟುಗಳಿಗೆ ಎಣ್ಣೆ ಬಿಟ್ಟರು. ಆದರೂ ಎಡಗಡೆಯ ಬೋಲ್ಟ್ ಅದರ ಸುತ್ತ ಕೂರುವ ರಬ್ಬರ್ ಬುಷ್ಷಿನ ಒಳಕೊಳವೆಗೇ ಅಂಟಿಕೊಂಡಿತ್ತು. ಗ್ಯಾಸ್ ಹಿಡಿದು ಕಾಯಿಸಿದರು, ಬರಲಿಲ್ಲ. ಕೊನೆಗೆ ಗ್ರೈಂಡರಿನಲ್ಲಿ ಕತ್ತರಿಸಿದರು. ಛಾಸಿಗೆ ಒಂದು ಗೀರೂ ಬೀಳಲಿಲ್ಲ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಹಳೆಯ ಯು-ಬೋಲ್ಟ್ ಮತ್ತೆ ಹಾಕಲಿಲ್ಲ, ಎಲ್ಲಾ ಹೊಸದು.

ನನಗೆ ಹಿಡಿಸಿದ್ದು ಇನ್ನೊಂದು. ಶ್ಯಾಕಲ್ ನಟ್ಟನ್ನು ಗಾಡಿ ಜ್ಯಾಕಿನ ಮೇಲಿದ್ದಾಗ ಪೂರ್ತಿ ಬಿಗಿ ಮಾಡಲಿಲ್ಲ. ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿದರು. ಇಲ್ಲದಿದ್ದರೆ ರಬ್ಬರ್ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಷ್ಟೋ ದೊಡ್ಡ ಕಡೆ ಇದನ್ನು ಮಾಡುವುದಿಲ್ಲ.

ತಕರಾರು? ಬಿಲ್ ಒಂದು ಚೀಟಿಯಲ್ಲಿ ಗೀಚಿದ ಒಟ್ಟು ಮೊತ್ತ, ಅಷ್ಟೇ. ಸಾಮಾನಿಗೆಷ್ಟು, ಕೂಲಿಗೆಷ್ಟು ಅಂತ ಕೇಳಿಯೇ ಬರೆಸಿಕೊಳ್ಳಿ. ಫೋನ್ ಅಂತೂ ಎತ್ತುವುದಿಲ್ಲ, ನೇರ ಹೋಗಬೇಕು. ಐನೂರು ಕಿಲೋಮೀಟರ್ ಓಡಿಸಿ ಬಂದರೆ ಯು-ಬೋಲ್ಟ್ ಮತ್ತೆ ಬಿಗಿದು ಕೊಡುತ್ತಾರೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.