ಕ್ರೀಡಾ ವಿದ್ಯಾರ್ಥಿವೇತನ ಕೊಡಿಸುತ್ತೇವೆ ಎನ್ನುವವರಿಗೆ ಹಣ ಕಟ್ಟುವ ಮುನ್ನ

ಆಟದಲ್ಲಿ ಮುಂದಿರುವ ಮಕ್ಕಳಿಗೆ ಅಮೆರಿಕದ ಕಾಲೇಜು ತಂಡದಲ್ಲಿ ಸ್ಥಾನವನ್ನೂ ಪೂರ್ಣ ವಿದ್ಯಾರ್ಥಿವೇತನವನ್ನೂ ಕೊಡಿಸುತ್ತೇವೆಂದು ಪೋಷಕರನ್ನು ಹುಡುಕಿಕೊಂಡು ಬರುವ ಮಧ್ಯವರ್ತಿಗಳಿಗೆ ದಯವಿಟ್ಟು ಹಣ ಕಟ್ಟಬೇಡಿ. ನಾವು ಕಟ್ಟಿದೆವು. ಎಷ್ಟೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನನ್ನ ಮಗಳು ಈಜುಗಾರ್ತಿ. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗಲೇ ಮುಂಗಡ ಪಡೆದ ಆ ಸಂಸ್ಥೆಯವರು, ಹೆಸರಾಂತ 'ಡಿವಿಷನ್ ಒಂದು' (ಅಮೆರಿಕದ ಕಾಲೇಜು ಕ್ರೀಡೆಯ ಮೂರು ವಿಭಾಗಗಳಲ್ಲಿ ಮೇಲಿನದು) ಕಾಲೇಜುಗಳ ತರಬೇತುದಾರರು ಆಸಕ್ತಿ ತೋರಿಸಿದ್ದಾರೆಂದು ಪತ್ರದ ಮೇಲೆ ಪತ್ರ ಕಳುಹಿಸಿದರು. ಬಿಡಿಸಿ ನೋಡಿದರೆ ಎಲ್ಲವೂ ಬೇಸಿಗೆ ಶಿಬಿರದ ಕರಪತ್ರಗಳು; ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಸೇರಬಹುದಾದ ಶಿಬಿರಗಳು. ಹತ್ತನೇ ತರಗತಿ ಮುಗಿದ ನಂತರದ ಜೂನ್ 15ಕ್ಕೆ ಮೊದಲು ಡಿವಿಷನ್ ಒಂದರ ಈಜು ತರಬೇತುದಾರರು ತಂಡಕ್ಕೆ ಆಹ್ವಾನಿಸುವ ಪತ್ರ ಬರೆಯುವಂತೆಯೇ ಇಲ್ಲ, ಶಿಬಿರದ ಕರಪತ್ರದಂಥವನ್ನಷ್ಟೇ ಕಳುಹಿಸಬಹುದು ಎಂಬುದು ಈ ವ್ಯವಹಾರವನ್ನೇ ವೃತ್ತಿಯಾಗಿಸಿಕೊಂಡವರಿಗೆ ತಿಳಿಯದ ಸಂಗತಿಯೇ?

ಕೊನೆಗೆ ಒಂದು ಸಣ್ಣ ಕಾಲೇಜಿನಿಂದ ಪತ್ರ ಬಂತು. "ಅಭಿನಂದನೆಗಳು ಮೇಡಂ, ಕ್ರೀಡಾ ವಿದ್ಯಾರ್ಥಿವೇತನ ಖಚಿತವಾಯಿತು" ಎಂದು ಸಂಸ್ಥೆಯವರು ಫೋನಿನಲ್ಲಿ ಹೇಳಿದ ದಿನವೇ ಬಂಧುಗಳಿಗೆಲ್ಲ ಸುದ್ದಿ ಮುಟ್ಟಿಸಿಯಾಗಿತ್ತು. ಬೇರೆ ಯಾವುದೋ ಅರ್ಜಿಯ ವಿಷಯಕ್ಕೆ ನಾನು ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ಫೋನ್ ಮಾಡಿ, ಮಾತಿನ ನಡುವೆ ಕ್ರೀಡಾ ವಿದ್ಯಾರ್ಥಿವೇತನ ಎಂದಾಗ, ಆ ಕಡೆಯ ಮಹಿಳೆ ಸ್ವಲ್ಪ ತಡೆದು, ತಮ್ಮದು ಡಿವಿಷನ್ ಮೂರರ ಕಾಲೇಜು, ಆ ವಿಭಾಗದ ಯಾವ ಕಾಲೇಜೂ ಕ್ರೀಡೆಗೆಂದು ಒಂದು ಡಾಲರನ್ನೂ ಕೊಡುವಂತಿಲ್ಲ ಎಂದು ತಿಳಿಸಿದರು. ಪತ್ರದಲ್ಲಿದ್ದ ಮೊತ್ತ ಅವಳ ಅಂಕಗಳಿಗೆ ದೊರೆತದ್ದು. ಅಂದರೆ ಓದಿ ಸಂಪಾದಿಸಿದ್ದನ್ನೇ ಈ ಮಹಾಶಯರು ತಾವು ಕೊಡಿಸಿದ್ದೆಂದು ನಮಗೇ ಮಾರಿದ್ದರು! ಆ ಕರೆ ಮುಗಿದ ಮೇಲೆ ಮಗಳಿಗೆ ಏನು ಹೇಳಬೇಕೆಂದೇ ನನಗೆ ತೋಚಲಿಲ್ಲ.

ಸಂಸ್ಥೆಯವರನ್ನು ಕೇಳಿದ್ದಕ್ಕೆ ಬಂದ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: "ಹಣ ಬಂತಲ್ಲ ಮೇಡಂ, ಯಾವ ಹೆಸರಿನಲ್ಲಿ ಬಂದರೇನು?" ಅಷ್ಟಕ್ಕೇ ನಿಲ್ಲದೆ, ಒಪ್ಪಂದದಂತೆ ಆ ಮೊತ್ತದಲ್ಲಿ ತಮಗೆ ಸಲ್ಲಬೇಕಾದ ಶೇಕಡಾವಾರು ಪಾಲಿನ ಬಿಲ್ಲನ್ನೂ ಕಳುಹಿಸಿದರು. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಮಂಡಳಿ) ನಿಯಮದ ಪ್ರಕಾರ ಇಂಥ ಸಂಸ್ಥೆಗಳು ತಮ್ಮ ಸೇವೆಗೆ ಶುಲ್ಕ ಪಡೆಯಬಹುದು, ಆದರೆ ಆ ಶುಲ್ಕ ವಿದ್ಯಾರ್ಥಿವೇತನ ದೊರೆಯುವುದನ್ನು ಅವಲಂಬಿಸಿರಕೂಡದು. ಹಾಗಿದ್ದರೆ ಆಟಗಾರರ ಅರ್ಹತೆಗೇ ಕುತ್ತು ಬರುತ್ತದೆ. ಇದನ್ನು ತೋರಿಸಿದಾಗ, "ಎಲ್ಲರೂ ಕೊಡುತ್ತಾರೆ, ನೀವು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ" ಎಂದರು. ಸಿಕ್ಕಿಬಿದ್ದರೆ ಈಜುವ ಅವಕಾಶ ಕಳೆದುಕೊಳ್ಳುವವಳು ನನ್ನ ಮಗಳು, ಅವರಲ್ಲ. ಮುಂಗಡ ಹಿಂದಿರುಗಿಸಿ ಎಂಬ ಪತ್ರಕ್ಕೆ ಇದುವರೆಗೆ ಉತ್ತರವಿಲ್ಲ. ಬಿಲ್ಲಿನ ನೆನಪೋಲೆಗಳು ಮಾತ್ರ ತಪ್ಪದೆ ಬರುತ್ತಿವೆ.

ಕಾಲೇಜಿನಲ್ಲಿ ಆಡುವುದೇ ಬೇಡವೆಂದು ನಾನು ಹೇಳುತ್ತಿಲ್ಲ. ಆಟ ನಿಂತರೂ ಆ ಕಾಲೇಜಿನಲ್ಲೇ ಓದುವ ಮನಸ್ಸಿರುವ ಮಗು ಖಂಡಿತ ಆಡಲಿ. ಆದರೆ ತರಬೇತುದಾರರ ಬಾಯಿಮಾತಿನ ಭರವಸೆ ಯಾರನ್ನೂ ಕಟ್ಟಿಹಾಕುವುದಿಲ್ಲ, ಈಜಿನಂಥ ಕ್ರೀಡೆಗಳಲ್ಲಿ ನೆರವು ಬಹುತೇಕ ಭಾಗಶಃ ಮಾತ್ರ, ಅದೂ ಅನೇಕ ವೇಳೆ ವರ್ಷದಿಂದ ವರ್ಷಕ್ಕೆ ನವೀಕರಣವಾಗಬೇಕಾದದ್ದು. 'ನ್ಯಾಷನಲ್ ಲೆಟರ್ ಆಫ್ ಇಂಟೆಂಟ್' (ಇಂಥ ಕಾಲೇಜಿಗೇ ಸೇರುವೆನೆಂದು ಆಟಗಾರರು ಸಹಿ ಹಾಕುತ್ತಿದ್ದ ಒಪ್ಪಂದ ಪತ್ರ) ಕೊಡಿಸುತ್ತೇವೆಂದು ಯಾರಾದರೂ ಹೇಳಿದರೆ, 2024ರಲ್ಲೇ ರದ್ದಾದ ಪತ್ರವನ್ನು ಎಲ್ಲಿಂದ ತರುತ್ತೀರೆಂದು ಕೇಳಿ. ನೆರವು ಎಷ್ಟು, ಯಾವ ಕಾರಣಕ್ಕೆ, ಎಷ್ಟು ವರ್ಷಕ್ಕೆ ಎಂಬುದನ್ನು ಕಾಲೇಜಿನಿಂದಲೇ ಲಿಖಿತವಾಗಿ ಪಡೆಯಿರಿ. ತರಬೇತುದಾರರ ಇಮೇಲ್ ವಿಳಾಸಗಳು ಕಾಲೇಜುಗಳ ಜಾಲತಾಣದಲ್ಲೇ ಇರುತ್ತವೆ, ಬರೆಯಲು ಯಾರಿಗೂ ಕಾಸು ಕೊಡಬೇಕಿಲ್ಲ. ಮಗಳು ಈಗ ತನ್ನ ಈಜಿನ ಸಮಯಗಳ ಪಟ್ಟಿಯೊಂದಿಗೆ ತಾನೇ ಬರೆಯುತ್ತಿದ್ದಾಳೆ.